ಅಂಡಮಾನ್ ನಿಕೋಬಾರ್‌ದಾಗ ಇರೋ ಮಂದಿ ಎಲ್ಲಿಂದ ಬಂದ್ರು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಸಿಂಧನೂರಾಗ ಭೂಗೋಳ ಪಾಠ ಮಾಡ್ತೀನಿ. ಕಾಂಪಿಟೇಟಿವ್ ಎಕ್ಸಾಮಿಗೆ ಓದೋ ಹುಡುಗರು, ಅಂಡಮಾನಿಗೆ ಟೂರ್ ಹೋಗಿ ಬಂದ ಗಂಗಾವತಿ ಕಡೆ ಮಂದಿ, ಮತ್ತ ನಮ್ಮ ತಾಲೂಕಿನ ಆರ್.ಎಚ್. (ನಿರಾಶ್ರಿತರ ಪುನರ್ವಸತಿ) ಕ್ಯಾಂಪಿನ ಬಂಗಾಲಿ ಹುಡುಗರು, ಈ ಮೂರೂ ಕಡೆಯಿಂದ ಒಂದ ನಮೂನಿ ಪ್ರಶ್ನೆ ಬರ್ತಾವ. ಪ್ರತಿಸಲ ಬಾಯಿಲೆ ಹೇಳೋದಕ್ಕಿಂತ ಒಂದು ಕಡೆ ಬರೆದಿಟ್ರ ಚೊಲೋ ಅನಿಸ್ತು. ಅಂಡಮಾನ್ ಅಂದ ಕೂಡ್ಲೆ ನಮ್ಮೋರಿಗೆ ಸೆಲ್ಯುಲಾರ್ ಜೈಲು ನೆನಪಾಗ್ತದ, ಇಲ್ಲಾ ಹನಿಮೂನ್ ಪ್ಯಾಕೇಜ್ ನೆನಪಾಗ್ತದ. ಅಲ್ಲಿ ಮನಿ ಕಟ್ಕೊಂಡು, ಗದ್ದಿ ಮಾಡ್ಕೊಂಡು, ಮಕ್ಕಳನ್ನ ಸಾಲಿಗೆ ಕಳಿಸ್ಕೊಂಡು ಇರೋ ಮಂದಿ ಯಾರು, ಯಾಕ ಬಂದ್ರು ಅಂತ ಕೇಳೋರು ಕಡಿಮಿ. ಆ ದ್ವೀಪಗಳಿಗೆ ಮಂದಿ ತಾವಾಗೇ ಹೋಗಿದ್ದಕ್ಕಿಂತ ಸರ್ಕಾರಗಳು ಒಯ್ದು ಕೂರಿಸಿದ್ದ ಜಾಸ್ತಿ, ಅದನ್ನ ತಿಳ್ಕೊಂಡ್ರ ಅಲ್ಲಿನ ಅಂಕಿ ಸಂಖ್ಯೆ ಎಲ್ಲಾ ತಾನಾಗೇ ಅರ್ಥ ಆಗ್ತಾವ ಅನ್ನೋದು ನನ್ನ ವಿಚಾರ.

ಒಟ್ಟು ಎಷ್ಟು ದ್ವೀಪ, ಎಷ್ಟು ಮಂದಿ?

ಹಳೇ ಪುಸ್ತಕದಾಗ 572 ದ್ವೀಪ ಅಂತ ಇರ್ತದ, ಈಗ ಸಣ್ಣ ಸಣ್ಣ ಬಂಡೆ ಎಲ್ಲಾ ಸೇರಿಸಿ 836 ಅಂತ ಲೆಕ್ಕ ಕೊಡ್ತಾರ. ಆದ್ರ ಮಂದಿ ಇರೋದು ಸುಮಾರು 30 ದ್ವೀಪದಾಗ ಅಷ್ಟ. ಉತ್ತರಕ್ಕ ಅಂಡಮಾನ್ ಗುಂಪು, ದಕ್ಷಿಣಕ್ಕ ನಿಕೋಬಾರ್ ಗುಂಪು, ನಡುವ ಟೆನ್ ಡಿಗ್ರಿ ಚಾನೆಲ್ ಅಂತ ಸುಮಾರು 150 ಕಿ.ಮೀ. ಅಗಲದ ಸಮುದ್ರ. 2011ರ ಗಣತಿ ಪ್ರಕಾರ ಒಟ್ಟು ಜನಸಂಖ್ಯೆ 3,80,581.

ಇದನ್ನ ನಮ್ಮ ಜಿಲ್ಲೆ ಜೊತಿ ಇಟ್ಟು ನೋಡ್ರಿ, ಆಗ ಗೊತ್ತಾಗ್ತದ. ದ್ವೀಪಗಳ ವಿಸ್ತೀರ್ಣ 8,249 ಚದರ ಕಿ.ಮೀ., ರಾಯಚೂರು ಜಿಲ್ಲೆದು ಹತ್ರ ಹತ್ರ 8,440, ಅಂದ್ರ ಹೆಚ್ಚು ಕಡಿಮಿ ಒಂದ ಸೈಜು. ಆದ್ರ 2011ರಾಗ ರಾಯಚೂರು ಜಿಲ್ಲೆದಾಗ 19 ಲಕ್ಷದ ಮ್ಯಾಲೆ ಮಂದಿ ಇದ್ರು, ಅಲ್ಲಿ 4 ಲಕ್ಷನೂ ಇರಲಿಲ್ಲ. ಚದರ ಕಿ.ಮೀ.ಗೆ ಇಲ್ಲಿ 228, ಅಲ್ಲಿ 46. ಹಂಗಂತ ಜಾಗ ಖಾಲಿ ಬಿದ್ದದ ಅನ್ಕೋಬಾರ್ದು, ಅಲ್ಲಿ ಬಹುಪಾಲು ನೆಲ ಕಾಡು, ಅದರಾಗ ದೊಡ್ಡ ಭಾಗ ಆದಿವಾಸಿಗಳಿಗೆ ಮೀಸಲಾಗಿದ್ದು. ಉಳಿದ ಸ್ವಲ್ಪ ನೆಲದಾಗ ಎಲ್ಲಾರೂ ಒತ್ತೊತ್ತಾಗಿ ಅದಾರ. ಪೋರ್ಟ್ ಬ್ಲೇರ್ ಒಂದರಾಗೇ ಲಕ್ಷದ ಮ್ಯಾಲೆ ಮಂದಿ. 2024ರಾಗ ಅದಕ್ಕ ಶ್ರೀ ವಿಜಯ ಪುರಂ ಅಂತ ಹೊಸ ಹೆಸರು ಇಟ್ಟಾರ, ನಾನು ಇಲ್ಲಿ ಹಳೇ ಹೆಸರ ಬಳಸ್ತೀನಿ, ಯಾಕಂದ್ರ ಹೇಳೋ ಕಥಿ ಎಲ್ಲಾ ಹಳೇದು.

ಇವರೆಲ್ಲಾ ಹೋಗೋಕಿಂತ ಮೊದಲು ಅಲ್ಲಿ ಯಾರಿದ್ರು?

ಅಂಡಮಾನ್ ಗುಂಪಿನಾಗ ಗ್ರೇಟ್ ಅಂಡಮಾನೀಸ್, ಓಂಗೆ, ಜಾರವಾ, ಸೆಂಟಿನಲೀಸ್. ಬೇಟೆ, ಮೀನು, ಜೇನು, ಗೆಡ್ಡೆ ಮ್ಯಾಲೆ ಬದುಕಿದ ಮಂದಿ, ಸಾವಿರಾರು ವರ್ಷದಿಂದ ಅಲ್ಲೇ ಇದ್ದೋರು. ನಿಕೋಬಾರ್ ಗುಂಪಿನಾಗ ನಿಕೋಬಾರೀಸ್ ಮತ್ತ ಗ್ರೇಟ್ ನಿಕೋಬಾರಿನ ಕಾಡಿನಾಗ ಶೊಂಪೆನ್. ನಿಕೋಬಾರೀಸ್ ಮಂದಿದು ತೆಂಗು, ಹಂದಿ ಸಾಕಾಣಿಕೆ, ದೋಣಿ ವ್ಯಾಪಾರದ ಜೀವನ. ಅವರ ಭಾಷೆ ಖಾಸಿ, ಮುಂಡಾರಿ ಭಾಷೆಗಳ ಕುಟುಂಬಕ್ಕ ಸೇರಿದ್ದು. ಅಂಡಮಾನ್ ಆದಿವಾಸಿಗಳ ಭಾಷೆಗಳು ಬ್ಯಾರೆ ಬ್ಯಾರೆ, ನಿಕೋಬಾರೀಸ್ ಜೊತಿಗೆ ಸಂಬಂಧಾನ ಇಲ್ಲ. ಈ ಆರೂ ಗುಂಪನ್ನ ‘ಟ್ರೈಬಲ್ಸ್’ ಅಂತ ಒಂದ ಚೀಲದಾಗ ಹಾಕಿ ಹೇಳೋದು ತಪ್ಪು, ನನ್ನ ಹುಡುಗರಿಗೆ ನಾನು ಇದನ್ನ ಜಗಳ ಮಾಡಿ ಹೇಳ್ತೀನಿ.

ಹೊರಗಿನ ಮಂದಿ ಯಾವಾಗ ಹೋದ್ರು?

1789ರಾಗ ಬ್ರಿಟಿಷರು ಚಾಥಮ್ ದ್ವೀಪದಾಗ ಒಂದು ವಸಾಹತು ಮಾಡಿದ್ರು, ಮುಂದ ಅದನ್ನ ಉತ್ತರಕ್ಕ ಒಯ್ದ್ರು, ರೋಗ ತಡಿಯಲಾರ್ದ 1796ರಾಗ ಬಿಟ್ಟು ಬಂದ್ರು. ಖಾಯಂ ಆಗಿ ಶುರುವಾಗಿದ್ದು 1858ರ ಮಾರ್ಚ್‌ನಾಗ. 1857ರ ದಂಗೆ ಆದ ಮ್ಯಾಲೆ ಹಿಡಿದ ಮಂದಿನ್ನ ಎಲ್ಲಿಡೋದು ಅಂತ ಯೋಚನಿ ಮಾಡಿ, ಜೆ. ಪಿ. ವಾಕರ್ ಅನ್ನೋ ಅಧಿಕಾರಿ ಜೊತಿ 200 ಖೈದಿಗಳನ್ನ ಹಡಗಿನಾಗ ಕಳಿಸಿದ್ರು. ಕಾಡು ಕಡಿಯೋದು, ರಸ್ತೆ ಹಾಕೋದು, ಕಟ್ಟಡ ಕಟ್ಟೋದು ಎಲ್ಲಾ ಆ ಖೈದಿಗಳ ಕೈಲೇ. ಸೆಲ್ಯುಲಾರ್ ಜೈಲು ಬಂದಿದ್ದು ಭಾಳ ತಡ, 1896ರಾಗ ಶುರುವಾಗಿ 1906ರಾಗ ಮುಗೀತು. ಅದಕ್ಕಿಂತ ಮೊದಲ ಸುಮಾರು 40 ವರ್ಷ ಇಡೀ ದ್ವೀಪಾನ ಜೈಲು ಇದ್ದಂಗ ಇತ್ತು, ಸುತ್ತ ನೀರು ಇದ್ದಾಗ ಗೋಡಿ ಯಾಕ ಬೇಕು?

ಬಳ್ಳಾರಿ ಆಗ ಮದ್ರಾಸ್ ಪ್ರೆಸಿಡೆನ್ಸಿದಾಗ ಇತ್ತು, ಹಂಗಾಗಿ ಕರಿನೀರಿನ ಶಿಕ್ಷೆ ಅನ್ನೋ ಹೆದರಿಕೆ ಈ ಕಡೆಯ ಹಳ್ಳಿಗಳಿಗೂ ಮುಟ್ಟಿತ್ತು. ರಾಯಚೂರು, ಕೊಪ್ಪಳ ನಿಜಾಮರ ಕೈಯಾಗ ಇದ್ದ ಕಾರಣ ಅಲ್ಲಿನ ಕೋರ್ಟು ಕಚೇರಿ ಬ್ಯಾರೆ.

ಖೈದಿಗಳು ಶಿಕ್ಷೆ ಮುಗಿದ ಮ್ಯಾಲೆ ವಾಪಸ್ ಬರಲಿಲ್ಲೇನು?

ಬಂದೋರೂ ಅದಾರ, ಉಳಿದೋರೂ ಅದಾರ, ಅಲ್ಲೇ ಸತ್ತೋರಂತೂ ಸಾವಿರಗಟ್ಟಲೆ. ಕೆಲವು ವರ್ಷ ಚೊಲೋ ನಡತೆ ತೋರಿಸಿದವರಿಗೆ ಟಿಕೆಟ್ (ಹೊರಗ ಇರಾಕ ಪರವಾನಗಿ) ಕೊಟ್ಟು, ಜೈಲಿನ ಹೊರಗ ಜಮೀನು ಮಾಡ್ಕೊಂಡು ಸ್ವಂತ ದುಡಿದು ತಿನ್ನಾಕ ಬಿಡ್ತಿದ್ರು. ಹೆಣ್ಣು ಖೈದಿಗಳನ್ನೂ ಒಯ್ದಿದ್ರು, ಅವರ ಜೊತಿ ಮದುವಿ ಆಗಾಕ ಸರ್ಕಾರಾನ ಅವಕಾಶ ಮಾಡಿಕೊಡ್ತಿತ್ತು. ಪಂಜಾಬಿನವ ಗಂಡ, ಬಂಗಾಳದಾಕಿ ಹೆಂಡತಿ, ಆಕಿ ಜಾತಿ ಒಂದು ಈತನ ಜಾತಿ ಇನ್ನೊಂದು, ಇಬ್ಬರ ನಡುವ ಮಾತು ಹಿಂದೂಸ್ತಾನಿ. ಆ ಮಕ್ಕಳ ವಂಶದೋರಿಗೆ ಅಲ್ಲಿ ಇವತ್ತಿಗೂ ‘ಲೋಕಲ್ ಬಾರ್ನ್’ ಅಂತಾರ, ಸರ್ಕಾರಿ ಕಾಗದದಾಗ ‘ಪ್ರೀ-1942 ಸೆಟ್ಲರ್ಸ್’ ಅಂತ ಬರ್ತದ, ಹಿಂದುಳಿದ ವರ್ಗದ ಮೀಸಲಾತಿನೂ ಐತಿ. ಇಡೀ ದ್ವೀಪದಾಗ ಹಿಂದಿ ಸಾಮಾನ್ಯ ಭಾಷೆ ಆಗಿದ್ದು ಹೆಂಗ ಅಂತ ಕೇಳೋರಿಗೆ ಉತ್ತರ ಇಲ್ಲೇ ಐತಿ.

ನಮ್ಮ ಕಡೆ ಜಾತಿ ಬಿಟ್ಟು ಮದುವಿ ಅಂದ್ರ ಇವತ್ತಿಗೂ ಊರು ಎದ್ದು ನಿಲ್ತದ, ಅಲ್ಲಿ 150 ವರ್ಷದ ಹಿಂದ ಅದು ಬದುಕೋಕ ಬೇರೆ ದಾರಿ ಇಲ್ದ ಆಗಿಹೋಯ್ತು, ಆಮ್ಯಾಲೆ ಅದಾ ರೂಢಿ ಆಯ್ತು.

ಹೆಣ್ಣು ಗಂಡು ಲೆಕ್ಕ ಹೆಂಗಿತ್ತು?

1901ರಾಗ 1000 ಗಂಡಸರಿಗೆ 318 ಹೆಂಗಸರು. 2011ಕ್ಕ 876. ಮೊದಲು ಖೈದಿಗಳು, ಆಮ್ಯಾಲೆ ಕೂಲಿಗಳು, ಆಮ್ಯಾಲೆ ನೌಕರದಾರರು, ಮೂರೂ ಗುಂಪಿನಾಗ ಗಂಡಸರ ಜಾಸ್ತಿ. ಸಂಸಾರ ಸಮೇತ ಮಂದಿ ಹೋದ ಮ್ಯಾಲೆ ಈ ಅಂಕಿ ಸುಧಾರಿಸ್ತು.

ಅಂಡಮಾನ್‌ನಾಗ ಮಲಪ್ಪುರಂ, ಮಂಜೇರಿ, ಕಲ್ಲಿಕೋಟೆ ಅನ್ನೋ ಊರು ಹೆಂಗ ಬಂದ್ವು?

1921ರ ಮಲಬಾರ್ ಮಾಪಿಳ್ಳೆ ಬಂಡಾಯದಾಗ ಹಿಡಿದವರನ್ನ ಅಲ್ಲಿಗೆ ಕಳಿಸಿದ್ರು, ಮುಂದ ಅವರ ಹೆಂಡ್ರು ಮಕ್ಕಳನ್ನೂ ಕರೆಸ್ಕೊಳ್ಳಾಕ ಬಿಟ್ರು, ಅವರು ತಮ್ಮ ಊರಿನ ಹೆಸರು ಇಟ್ಕೊಂಡ್ರು. ವಂಡೂರು, ನಿಲಂಬೂರು ಸಹ ಅದಾವ. ಅದಾ ಬಂಡಾಯದ ಸಾಕಷ್ಟು ಖೈದಿಗಳನ್ನ ಆಗ ಬಳ್ಳಾರಿ ಜೈಲಿಗೂ ತಂದಿದ್ರು, ಮಲಬಾರ್ ಕಡೆ ಹಳಬರ ಬಾಯಾಗ ಬಳ್ಳಾರಿ ಹೆಸರು ಹಿಂಗ ಉಳಿದದ. ಒಂದ ಗಲಾಟೆ, ಒಬ್ಬರು ನಮ್ಮ ಜೈಲಿಗೆ, ಇನ್ನೊಬ್ಬರು ಸಮುದ್ರದಾಚೆಗೆ.

ಅದಾ ಕಾಲಕ್ಕ ಇನ್ನೂ ಕೆಲವು ಗುಂಪು ಹೋದ್ವು. ಉತ್ತರ ಪ್ರದೇಶದ ಕಡೆಯಿಂದ ಭಾಂಟೂ ಜನ, ಇವರಿಗೆ ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಅಂತ ಹಣೆಪಟ್ಟಿ ಹಚ್ಚಿದ್ರು. ಬರ್ಮಾದಿಂದ ಕರೆನ್ ಜನ 1925ರಾಗ ಬಂದ್ರು, ಮಾಯಾಬಂದರ್ ಹತ್ರ ವೇಬಿ ಅವರ ಊರು. ಛೋಟಾನಾಗಪುರದಿಂದ ಕಾಡು ಕಡಿಯಾಕ ತಂದ ಆದಿವಾಸಿ ಕೂಲಿಗಳು ಅದಾರ, ಮುಂಡಾ, ಓರಾಂವ್, ಖಾರಿಯಾ ಏನ ಇರಲಿ ಎಲ್ಲಾರಿಗೂ ಅಲ್ಲಿ ‘ರಾಂಚಿ’ ಅಂತ ಒಂದ ಹೆಸರು. ಓರಾಂವ್ ಮಂದಿ ಆಡೋ ಕುಡುಖ್ ನಮ್ಮ ಕನ್ನಡದಂಗ ದ್ರಾವಿಡ ಭಾಷೆ, ಅಷ್ಟು ದೂರದ ದ್ವೀಪದಾಗ ನಮ್ಮ ಭಾಷೆಯ ಬಳಗ ಒಂದು ಮರ ಕಡಿಯೋ ಕೆಲಸಕ್ಕ ಹೋಗಿ ಸೇರಿಕೊಂಡದ ಅಂತ ನನಗ ಆಗಾಗ ಅನಿಸ್ತದ. ಈ ರಾಂಚಿ ಮಂದಿ ರಸ್ತೆ ಹಾಕಿದ್ರು, ಮರ ಕಡಿದ್ರು, ಬಂದರು ಕಟ್ಟಿದ್ರು, ಆದ್ರ ಸುಮಾರು ಕುಟುಂಬಗಳಿಗೆ ಇವತ್ತಿಗೂ ಜಮೀನಿನ ಪಟ್ಟಾ ಇಲ್ಲ, ಜಾರ್ಖಂಡ್‌ದಾಗ ಸಿಗೋ ಪರಿಶಿಷ್ಟ ಪಂಗಡದ ಸ್ಥಾನ ಅಂಡಮಾನ್‌ದಾಗ ಇಲ್ಲ. ಇದು ಅನ್ಯಾಯ, ಬ್ಯಾರೆ ಮಾತಿಲ್ಲ.

1941ರಿಂದ 1951ರಾಗ ಜನಸಂಖ್ಯೆ ಕಡಿಮಿ ಆಗಿದ್ದು ಯಾಕ?

33,768 ಇದ್ದದ್ದು 30,971 ಆಯ್ತು. ಕಾರಣ ಯುದ್ಧ. 1942ರ ಮಾರ್ಚ್‌ನಾಗ ಜಪಾನ್ ದ್ವೀಪಗಳನ್ನ ಹಿಡಿತು, 1945ರ ತನಕ ಬಿಡಲಿಲ್ಲ. ಊಟಕ್ಕಿಲ್ಲ, ಔಷಧಿ ಇಲ್ಲ, ಗೂಢಚಾರಿಕೆ ಮಾಡ್ತಾರ ಅಂತ ಸಂಶಯದ ಮ್ಯಾಲೆ ಮಂದಿನ್ನ ಹಿಡಿದು ಹೊಡೆದು ಕೊಂದ್ರು. 1944ರ ಜನವರಿ 30ಕ್ಕ ಹಂಫ್ರಿಗಂಜ್‌ದಾಗ 44 ಮಂದಿನ್ನ ಸಾಲಾಗಿ ನಿಲ್ಲಿಸಿ ಗುಂಡು ಹಾಕಿದ್ರು. ಯುದ್ಧ ಮುಗಿದ ಮ್ಯಾಲೆ ಖೈದಿ ವಸಾಹತು ರದ್ದಾಯ್ತು, ಬಹಳ ಮಂದಿ ಮೇನ್‌ಲ್ಯಾಂಡಿಗೆ ವಾಪಸ್ ಹೋದ್ರು.

ಸಿಂಧನೂರಿನ ಬಂಗಾಲಿ ಕ್ಯಾಂಪಿಗೂ ಅಂಡಮಾನಿಗೂ ಏನು ಸಂಬಂಧ?

ಈ ಪ್ರಶ್ನೆ ನನಗ ಎಲ್ಲಕ್ಕಿಂತ ಹೆಚ್ಚು ಹತ್ರದ್ದು, ಅದಕ್ಕ ಸ್ವಲ್ಪ ಉದ್ದ ಹೇಳ್ತೀನಿ.

ದೇಶ ಇಬ್ಭಾಗ ಆದ ಮ್ಯಾಲೆ ಪೂರ್ವ ಬಂಗಾಳದಿಂದ ಹಿಂದೂ ನಿರಾಶ್ರಿತರು ಅಲೆ ಅಲೆಯಾಗಿ ಬಂದ್ರು. ಕಲ್ಕತ್ತಾದ ರೈಲ್ವೆ ಸ್ಟೇಷನ್, ಶಿಬಿರ ಎಲ್ಲಾ ತುಂಬಿಹೋದ್ವು. ಪಶ್ಚಿಮ ಬಂಗಾಳದಾಗ ಜಾಗ ಇಲ್ಲ ಅಂತ ಸರ್ಕಾರ ಇವರನ್ನ ಹೊರಗ ಹಂಚಾಕ ಶುರು ಮಾಡ್ತು. 1949ರಿಂದ ಅಂಡಮಾನಿಗೆ, 1958ರ ಆಸುಪಾಸಿಂದ ಮಧ್ಯ ಭಾರತದ ದಂಡಕಾರಣ್ಯಕ್ಕ, ಆಮ್ಯಾಲೆ ಬಂದ ಕೆಲವು ಕುಟುಂಬಗಳನ್ನ ನಮ್ಮ ತುಂಗಭದ್ರಾ ಎಡದಂಡೆ ಕಾಲುವಿ ಪ್ರದೇಶಕ್ಕ. ಹಂಗ ಬಂದವರಿಗಾಗಿ ಆದದ್ದ ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳು. ಅಂದ್ರ ಅಂಡಮಾನಿನ ದಿಗ್ಲಿಪುರ, ರಂಗತ್, ಹ್ಯಾವ್‌ಲಾಕ್, ನೀಲ್ ದ್ವೀಪದಾಗ ಇರೋ ಬಂಗಾಲಿ ರೈತರೂ, ಜವಳಗೇರಾ ಕಡೆ ಭತ್ತ ನಾಟಿ ಮಾಡೋ ಬಂಗಾಲಿ ರೈತರೂ ಒಂದ ಕಥಿಯ ಎರಡು ತುಂಡು.

ಅಂಡಮಾನಿಗೆ ಹೋದ ಕುಟುಂಬಕ್ಕ ಸುಮಾರು 10 ಎಕರೆ ತನಕ ಜಮೀನು ಸಿಕ್ತು, ಅರ್ಧ ಭತ್ತದ ಗದ್ದಿ, ಅರ್ಧ ಗುಡ್ಡದ ನೆಲ. ಓದಾಕ ಚೊಲೋ ಕಾಣ್ತದ, ಆದ್ರ ಗದ್ದಿ ಅಂತ ಕೊಟ್ಟಿದ್ದು ಕಾಡು. ಮರ ಉರುಳಿಸಿ, ಬೇರು ಕಿತ್ತು, ಜಿಗಣಿ, ಮಲೇರಿಯಾ ಜೊತಿ ಜಗಳ ಮಾಡಿ ಅದನ್ನ ಗದ್ದಿ ಮಾಡಿದೋರು ಅವರ. ಕಲ್ಕತ್ತಾದಾಗ ಆಗ ಎಡಪಕ್ಷದೋರು ನಿರಾಶ್ರಿತರನ್ನ ಕಾಲಾಪಾನಿಗೆ ಕಳಿಸಬ್ಯಾಡ್ರಿ ಅಂತ ಹೋರಾಟ ಮಾಡಿದ್ರು, ಬಹಳ ಮಂದಿ ಹೋಗಾಕ ಒಲ್ಲೆ ಅಂದ್ರು. ಹೋದೋರು ಹೆಚ್ಚಾಗಿ ನಮಶೂದ್ರ (ಬಂಗಾಳದಾಗ ಪರಿಶಿಷ್ಟ ಜಾತಿ) ರೈತರು, ನೀರು ಭೂಮಿ ಎರಡೂ ಗೊತ್ತಿದ್ದೋರು. ದಂಡಕಾರಣ್ಯದ ಒಣ ನೆಲಕ್ಕ ಬಿದ್ದೋರು ಭಾಳ ಕಷ್ಟಪಟ್ರು, ಅದಕ್ಕ ಹೋಲಿಸಿದ್ರ ಅಂಡಮಾನಿಗೆ ಹೋದೋರು ಒಂದು ತಲೆಮಾರು ಕಳೆದ ಮ್ಯಾಲೆ ನಿಂತ್ಕೊಂಡ್ರು. ಮಳಿ ಇತ್ತು, ಮೀನು ಇತ್ತು, ಮಣ್ಣು ಹೊಸದು.

ಕ್ಯಾಂಪಿನಾಗ ಒಬ್ಬ ಅಜ್ಜಿ ಅದಾಳ, ಆಕಿ ಮನಿ ಮುಂದ ಸಣ್ಣ ಹೊಂಡ, ಹೊಂಡದ ದಂಡ್ಯಾಗ ಬಾಳಿಗಿಡ, ಕಟ್ಟಿ ಮ್ಯಾಲೆ ತುಳಸಿ. ಆಕಿ ದೊಡ್ಡಪ್ಪನ ಮಕ್ಕಳು ಅಂಡಮಾನಿಗೆ ಹೋದ್ರು, ಈಕಿ ಕುಟುಂಬ ವರ್ಷಗಟ್ಟಲೆ ಶಿಬಿರದಾಗ ಕಳೆದು ಆಮ್ಯಾಲೆ ಈ ಕಡೆ ಬಂತು. ಮೊಮ್ಮಗ ಮೊಬೈಲಿನಾಗ ದಿಗ್ಲಿಪುರದ ವಿಡಿಯೋ ತೋರಿಸಿದ್ರ ಆಕಿ ಮೊದಲು ನೋಡೋದು ಮನಿನ್ನಲ್ಲ, ಮನಿ ಹಿಂದಿನ ಹೊಂಡ ಎಷ್ಟು ದೊಡ್ಡದೈತಿ ಅಂತ. ಕನ್ನಡ ಚೊಲೋ ಮಾತಾಡ್ತಾಳ, ನಮ್ಮಂಗ ‘ಹೌದಲ್ಲೋ’ ಅಂತಾಳ, ಆದ್ರ ಹೊಂಡದ ವಿಷಯ ಬಂದ್ರ ಬಂಗಾಲಿಗೆ ಹೊಳ್ಳಿ ಹೋಗ್ತಾಳ.

ಇನ್ನೊಂದು ವಿಷಯ. ಇಲ್ಲಿನ ಬಂಗಾಲಿ ನಮಶೂದ್ರರು ಕರ್ನಾಟಕದಾಗ ನಮಗ ಪರಿಶಿಷ್ಟ ಜಾತಿ ಸ್ಥಾನ ಕೊಡ್ರಿ ಅಂತ ವರ್ಷಗಟ್ಟಲೆ ಕೇಳ್ತಾ ಬಂದಾರ. ಅಂಡಮಾನ್‌ದಾಗ ಪರಿಶಿಷ್ಟ ಜಾತಿ ಪಟ್ಟಿನ ಇಲ್ಲ. ಸರ್ಕಾರ ಮಂದಿನ್ನ ಎತ್ತಿ ಇನ್ನೊಂದು ಕಡೆ ಇಡ್ತದ, ಅವರ ಹಕ್ಕಿನ ಕಾಗದ ಮಾತ್ರ ಹಳೇ ಊರಾಗ ಬಿಟ್ಟುಬರ್ತದ.

ನಮ್ಮ ಕಡೆ ಆಂಧ್ರ ಕ್ಯಾಂಪುಗಳೂ ಹಂಗ ಅಲ್ಲೇನು?

ಅಲ್ಲ. ತುಂಗಭದ್ರಾ ಡ್ಯಾಮ್ 1953ರಾಗ ನೀರು ಬಿಟ್ಟ ಮ್ಯಾಲೆ ಕರಾವಳಿ ಆಂಧ್ರದ ರೈತರು ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಬಂದು ಸ್ವಂತ ರೊಕ್ಕ ಕೊಟ್ಟು ಜಮೀನು ಹಿಡಿದ್ರು. ಅವರು ಲೆಕ್ಕ ಹಾಕಿ ಬಂದೋರು. ಎರಡೂ ಊರಿನ ಬೋರ್ಡ್ ಮ್ಯಾಲೆ ಕ್ಯಾಂಪ್ ಅಂತ ಇದ್ದ ಮಾತ್ರಕ್ಕ ಎರಡೂ ಒಂದ ಅಂತ ತಿಳ್ಕೊಂಡ್ರ ವಲಸೆ ಅನ್ನೋದ ಅರ್ಥ ಆಗಂಗಿಲ್ಲ.

ಆಮ್ಯಾಲೆ ಜನಸಂಖ್ಯೆ ಎಷ್ಟು ಜೋರಾಗಿ ಬೆಳೀತು?

1951ರಾಗ 30,971, 1961ಕ್ಕ 63,548, ಅಂದ್ರ ಹತ್ತ ವರ್ಷದಾಗ ಡಬಲ್. 1971ಕ್ಕ 1,15,133, 1981ಕ್ಕ 1,88,741, 1991ಕ್ಕ 2,80,661, 2001ಕ್ಕ 3,56,152. ಹುಟ್ಟಿದ ಕೂಸುಗಳಿಂದ ಇಷ್ಟು ಬೆಳವಣಿಗೆ ಆಗಾಕ ಸಾಧ್ಯಾನ ಇಲ್ಲ, ಹಡಗಿನಾಗ ಬಂದೋರು ಇವರು. ಬಂಗಾಲಿಗಳ ಜೊತಿ ಕೇರಳ, ತಮಿಳುನಾಡು, ಬಿಹಾರದ ಕುಟುಂಬಗಳಿಗೂ ಜಮೀನು ಸಿಕ್ತು. ಶ್ರೀಲಂಕಾದಿಂದ ವಾಪಸ್ ಕಳಿಸಿದ ತಮಿಳರನ್ನ, 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದ ಮ್ಯಾಲೆ, ಕಚಾಲ್ ದ್ವೀಪದ ರಬ್ಬರ್ ತೋಟಕ್ಕ ಒಯ್ದ್ರು. 1969ರಿಂದ ಗ್ರೇಟ್ ನಿಕೋಬಾರಿನ ಕ್ಯಾಂಪ್‌ಬೆಲ್ ಬೇ ಕಡೆ ಪಂಜಾಬ್, ಮಹಾರಾಷ್ಟ್ರ, ಕೇರಳ ಹಿಂಗ ಹಲವು ರಾಜ್ಯದ ನಿವೃತ್ತ ಸೈನಿಕರ ಮುನ್ನೂರಕ್ಕೂ ಹೆಚ್ಚು ಕುಟುಂಬ ಕೂರಿಸಿದ್ರು, ಅದು ಗಡಿ ಕಾಯೋ ಲೆಕ್ಕಾಚಾರ, ಯಾಕಂದ್ರ ಅಲ್ಲಿಂದ ಇಂಡೊನೇಷ್ಯಾದ ಸುಮಾತ್ರಾ ಸುಮಾರು 150 ಕಿ.ಮೀ. ಅಷ್ಟ.

ಕೂರಿಸಿದ್ದು ಒಂದು ಕಡೆ ಆದ್ರ, ಅವರ ಬೆನ್ನ ಹಿಂದ ತಾವಾಗೇ ಬಂದೋರು ಇನ್ನೊಂದು ಕಡೆ. ಶ್ರೀಕಾಕುಳಂ, ವಿಶಾಖಪಟ್ಟಣದ ತೆಲುಗು ಮೀನುಗಾರರು, ರಾಮನಾಥಪುರಂ ಕಡೆ ತಮಿಳು ವ್ಯಾಪಾರಸ್ಥರು, ಕಾಂಟ್ರಾಕ್ಟರ್ ತಂದ ಕೂಲಿ ಮಂದಿ. ಇವರಿಗೆ ಜಮೀನು ಯಾರೂ ಕೊಡಲಿಲ್ಲ, ಕೆಲಸ ಸಿಕ್ತು, ಉಳ್ಕೊಂಡ್ರು.

ಅಲ್ಲಿ ಯಾವ ಭಾಷೆ ಜಾಸ್ತಿ? ಕನ್ನಡದೋರು ಅದಾರೇನು?

2011ರಾಗ ಬಂಗಾಲಿ ಸುಮಾರು 28%, ಹಿಂದಿ 19%, ತಮಿಳು 15%, ತೆಲುಗು 13%, ನಿಕೋಬಾರೀಸ್, ಮಲಯಾಳಂ ತಲಾ 7%ಕ್ಕಿಂತ ಸ್ವಲ್ಪ ಹೆಚ್ಚು. ಕನ್ನಡದೋರು ಅದಾರ ಆದ್ರ ಭಾಳ ಕಡಿಮಿ, ಬಹುತೇಕ ನೌಕರಿ ಮ್ಯಾಲೆ ಹೋದೋರು. ಕನ್ನಡ ನಾಡಿನಿಂದ ದೊಡ್ಡ ಗುಂಪಾಗಿ ಯಾರನ್ನೂ ಅಲ್ಲಿ ನೆಲೆ ಮಾಡಿಸಲಿಲ್ಲ, ಹಂಗಾಗಿ ನಮ್ಮ ಭಾಷೆಗೆ ಅಲ್ಲಿ ಊರು ಇಲ್ಲ.

ಇಷ್ಟೆಲ್ಲಾ ಮಂದಿ ಬಂದ ಮ್ಯಾಲೆ ಆದಿವಾಸಿಗಳ ಗತಿ ಏನಾಯ್ತು?

1858ರಾಗ ಗ್ರೇಟ್ ಅಂಡಮಾನೀಸ್ ಮಂದಿ ಹತ್ತು ಗುಂಪಾಗಿ ಕೆಲವು ಸಾವಿರ ಇದ್ರು. 1859ರಾಗ ಬಿಲ್ಲು ಬಾಣ ಹಿಡ್ಕೊಂಡು ಬ್ರಿಟಿಷರ ಜೊತಿ ಪೋರ್ಟ್ ಬ್ಲೇರಿನ ಅಬರ್ಡೀನ್ ಹತ್ರ ಕಾದಾಡಿದ್ರು, ಸೋತ್ರು. ಆಮ್ಯಾಲೆ ‘ಅಂಡಮಾನ್ ಹೋಮ್’ ಅಂತ ಮಾಡಿ ಅವರನ್ನ ತಂದಿಟ್ಕೊಂಡ್ರು, ಅಲ್ಲಿಂದ ಸಿಫಿಲಿಸ್ ಹಬ್ಬಿತು, 1877ರಾಗ ದಡಾರ ಬಂತು. ಅವರ ದೇಹಕ್ಕ ಈ ರೋಗಗಳ ಪರಿಚಯಾನ ಇರಲಿಲ್ಲ. 1901ಕ್ಕ 625 ಮಂದಿ, 1961ಕ್ಕ 19. ಹತ್ತೊಂಬತ್ತು! ಉಳಿದವರನ್ನ 1970ರ ಹೊತ್ತಿಗೆ ಸ್ಟ್ರೇಟ್ ಐಲ್ಯಾಂಡ್ ಅನ್ನೋ ಸಣ್ಣ ದ್ವೀಪಕ್ಕ ಒಯ್ದಿಟ್ರು. 2011ರಾಗ 44. ‘ಬೊ’ ಭಾಷೆ ಬಲ್ಲ ಕೊನೇ ಹೆಣ್ಣುಮಗಳು ಬೊವಾ ಸೀನಿಯರ್ 2010ರ ಜನವರಿದಾಗ ತೀರಿಹೋದ್ರು, ಆಕಿ ಕೊನೇ ವರ್ಷಗಳಾಗ ತನ್ನ ಭಾಷೆ ಮಾತಾಡಾಕ ಇನ್ನೊಬ್ಬ ಮನುಷ್ಯಾನ ಇರಲಿಲ್ಲ.

ಓಂಗೆ ಮಂದಿ 1901ರಾಗ 672 ಅಂತ ಅಂದಾಜು ಇತ್ತು, 2011ಕ್ಕ 101. ಅವರ ಲಿಟಲ್ ಅಂಡಮಾನ್ ದ್ವೀಪದಾಗ 1960ರ ದಶಕದ ಕೊನಿಗೆ ಹೊರಗಿನೋರನ್ನ ತಂದು ಕೂರಿಸಿದ್ರು, ಕಾಡು ಕಡಿದು ತಾಳೆ ಎಣ್ಣೆ ತೋಟ ಹಾಕಿದ್ರು.

ಜಾರವಾ ಮಂದಿ ಕಥಿ ಸ್ವಲ್ಪ ಬ್ಯಾರೆ. 1990ರ ದಶಕದ ತನಕ ಅವರು ಹೊರಗಿನೋರನ್ನ ಹತ್ರ ಸೇರಿಸಲಿಲ್ಲ, ಬಾಣ ಬಿಡ್ತಿದ್ರು. ಅವರ ಕಾಡಿನ ನಡು ಹಾದು ಅಂಡಮಾನ್ ಟ್ರಂಕ್ ರೋಡ್ ಹಾಕಿದ್ರು. ಎನ್ಮೇಯ್ ಅನ್ನೋ ಜಾರವಾ ಹುಡುಗನ ಕಾಲು ಮುರಿದು 1996ರಾಗ ಪೋರ್ಟ್ ಬ್ಲೇರ್ ಆಸ್ಪತ್ರೆದಾಗ ಚಿಕಿತ್ಸೆ ಕೊಟ್ಟು ವಾಪಸ್ ಕಳಿಸಿದ್ರು, ಅದರ ಮುಂದಿನ ವರ್ಷ ಜಾರವಾಗಳು ತಾವಾಗೇ ಕದಮ್‌ತಲಾ ಕಡೆ ಬರಾಕ ಶುರು ಮಾಡಿದ್ರು. 1999ರಾಗ ದಡಾರ ಬಂದೇ ಬಂತು, ಆದ್ರ ಈ ಸಲ ಚಿಕಿತ್ಸೆ ಸಿಕ್ತು. 2001ರಾಗ 240 ಇದ್ದೋರು 2011ಕ್ಕ 380 ಆಗ್ಯಾರ, ಸಂತೋಷದ ಅಂಕಿ ಅಂದ್ರ ಈ ಪಟ್ಟಿದಾಗ ಇದೊಂದ. ಆ ರೋಡಿನ ಕೆಲವು ಭಾಗ ಮುಚ್ಚಬೇಕು ಅಂತ 2002ರಾಗ ಸುಪ್ರೀಂ ಕೋರ್ಟ್ ಆದೇಶ ಮಾಡಿತ್ತು, ಗಾಡಿ ಇನ್ನೂ ಓಡಾಡ್ತಾವ. ಟೂರ್ ಹೋದಾಗ ಬಸ್ಸಿನ ಕಿಟಕಿಯಿಂದ ಅವರ ಫೋಟೋ ತೆಗಿಯೋ ಮಂದಿ ನಮ್ಮ ಕಡೆಯೋರೂ ಅದಾರ. ದಯವಿಟ್ಟು ಮಾಡಬ್ಯಾಡ್ರಿ. ಅದು ಕಾನೂನು ಪ್ರಕಾರ ಅಪರಾಧ, ಮತ್ತ ಅವರು ನೋಡೋ ಸಾಮಾನಲ್ಲ, ಅದು ಅವರ ಮನಿ ಅಂಗಳ.

ಸೆಂಟಿನೆಲ್ ದ್ವೀಪಕ್ಕ ಹೋಗಬಹುದೇನು?

ಇಲ್ಲ. 1956ರ ಆದಿವಾಸಿ ರಕ್ಷಣೆ ಕಾಯ್ದೆ ಐತಿ, ಸುತ್ತಲಿನ ಸಮುದ್ರಕ್ಕೂ ನಿಷೇಧ. 1880ರಾಗ ಪೋರ್ಟ್‌ಮನ್ ಅನ್ನೋ ಬ್ರಿಟಿಷ್ ಅಧಿಕಾರಿ ಆರು ಮಂದಿನ್ನ ಹಿಡ್ಕೊಂಡು ಪೋರ್ಟ್ ಬ್ಲೇರಿಗೆ ಒಯ್ದ, ದೊಡ್ಡವರಿಬ್ಬರೂ ರೋಗ ಬಂದು ಸತ್ರು, ಮಕ್ಕಳನ್ನ ವಾಪಸ್ ಬಿಟ್ಟ. 2018ರಾಗ ಒಬ್ಬ ಅಮೆರಿಕದವ ಕಾನೂನು ಮುರಿದು ಹೋಗಿ ಸತ್ತ. 2011ರ ಗಣತಿದಾಗ ಇರೋ 15 ಅನ್ನೋದು ದೂರದಿಂದ ಕಣ್ಣಿಗೆ ಬಿದ್ದಷ್ಟು ಮಂದಿ, ಅದು ಅವರ ಪೂರ್ತಿ ಲೆಕ್ಕ ಅಲ್ಲ.

2001ರಿಂದ 2011ರಾಗ ಬೆಳವಣಿಗೆ ಬರೀ 6.86% ಯಾಕ? ಸುನಾಮಿ ಕಾರಣಾನ?

ಸುನಾಮಿ ಒಂದು ಕಾರಣ, ಅದೊಂದ ಅಲ್ಲ.

2004ರ ಡಿಸೆಂಬರ್ 26ಕ್ಕ ಬಂದ ಅಲೆ ನಿಕೋಬಾರ್ ಗುಂಪಿಗೆ ಜೋರು ಹೊಡೀತು, ಸತ್ತೋರು, ಕಾಣೆಯಾದೋರು ಸೇರಿ ಮೂರೂವರೆ ಸಾವಿರದ ಹತ್ರ. ನಿಕೋಬಾರ್ ಜಿಲ್ಲೆ ಜನಸಂಖ್ಯೆ 42,068ರಿಂದ 36,842ಕ್ಕ ಇಳೀತು. ಕಚಾಲ್ ದ್ವೀಪದಾಗ ಹೆಚ್ಚು ಕಡಿಮಿ ಅರ್ಧಕ್ಕ ಬಂತು. ಟ್ರಿಂಕೆಟ್ ದ್ವೀಪದ ಮಂದಿನ್ನ ಪಕ್ಕದ ಕಮೋರ್ಟಾಕ್ಕ ಒಯ್ದ್ರು, ಆ ದ್ವೀಪ ಖಾಲಿ ಬಿತ್ತು. ದಕ್ಷಿಣದ ತುದಿ ಇಂದಿರಾ ಪಾಯಿಂಟ್‌ದಾಗ ನೆಲಾನ ನಾಲ್ಕು ಮೀಟರಿಗಿಂತ ಹೆಚ್ಚು ಕುಸಿದು ಲೈಟ್‌ಹೌಸಿನ ಬುಡ ನೀರಾಗ ನಿಂತ್ಕೊಂತು. ನಿಕೋಬಾರೀಸ್ ಮಂದಿದು ತುಹೆಟ್ ಅಂತ ದೊಡ್ಡ ಕೂಡು ಕುಟುಂಬದ ಪದ್ಧತಿ, ತೆಂಗಿನ ತೋಟ, ಹಂದಿ, ಎಲ್ಲಾ ಕುಟುಂಬಕ್ಕ ಸೇರಿದ್ದು. ಸುನಾಮಿ ಆದ ಮ್ಯಾಲೆ ಸರ್ಕಾರ ಸಾಲು ಸಾಲು ತಗಡಿನ ಮನಿ ಕಟ್ಟಿ ಗಂಡ ಹೆಂಡ್ತಿ ಮಕ್ಕಳಿಗೆ ಒಂದೊಂದು ಅಂತ ಹಂಚಿತು, ಚೆಕ್ಕೂ ಹಂಗ ಒಬ್ಬೊಬ್ಬರ ಹೆಸರಿಗೆ ಕೊಟ್ರು, ಕೂಡಿ ಇದ್ದೋರ ನಡುವ ಗೋಡಿ ಬಂತು. ಸಮುದ್ರ ಒಯ್ದಿದ್ದು ಲೆಕ್ಕಕ್ಕ ಸಿಗ್ತದ, ಇದು ಯಾವ ಗಣತಿದಾಗೂ ಸಿಗಂಗಿಲ್ಲ.

ಇನ್ನೊಂದು ಕಾರಣ, ಹೊಸಬರು ಬರೋದು ಕಡಿಮಿ ಆಯ್ತು. ಜಮೀನು ಹಂಚೋದು ಎಂದೋ ನಿಂತದ. 2002ರ ಸುಪ್ರೀಂ ಕೋರ್ಟ್ ಆದೇಶದಿಂದ ಮರ ಕಡಿಯೋದಕ್ಕ ಬಿಗಿ ಕಟ್ಟು ಬಿತ್ತು, ಟಿಂಬರ್ ಕೆಲಸ ಕುಸೀತು. ಅಲ್ಲಿನ ಕುಟುಂಬಗಳೂ ಸಣ್ಣ ಆಗ್ಯಾವ, ಒಂದು ಇಲ್ಲಾ ಎರಡು ಮಕ್ಕಳು. ಓದಿದ ಹುಡುಗರು ಕೆಲಸಕ್ಕ ಚೆನ್ನೈ, ಕಲ್ಕತ್ತಾ, ಬೆಂಗಳೂರು ಕಡೆ ಹೊಂಟಾರ.

ನಮ್ಮ ಕಡೆ ಗುಳೆ ಹೋಗೋದಕ್ಕೂ ಅದಕ್ಕೂ ಏನು ವ್ಯತ್ಯಾಸ?

ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆ ಮಂದಿ ಸುಗ್ಗಿ ಮುಗಿಸಿ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಗುಳೆ ಹೋಗ್ತಾರ, ಹಬ್ಬಕ್ಕ, ಜಾತ್ರಿಗೆ, ಮಳಿಗೆ ವಾಪಸ್ ಬರ್ತಾರ. ರೇಷನ್ ಕಾರ್ಡು, ಓಟು, ದೇವರು ಎಲ್ಲಾ ಊರಾಗ. ದ್ವೀಪಕ್ಕ ಹೋದೋರಿಗೆ ಹಂಗ ಬಸ್ ಹತ್ತಿ ಬರಾಕ ಆಗಂಗಿಲ್ಲ. ಚೆನ್ನೈಯಿಂದ ಹಡಗಿನಾಗ ಸುಮಾರು ಮೂರು ದಿನ. ಹಂಗಾಗಿ ಹೋದ ತಲೆಮಾರು ಒಮ್ಮೆ ಹೋಯ್ತು ಅಂದ್ರ ಹೋಯ್ತು. ಈಗ ಫ್ಲೈಟ್ ಆದ ಮ್ಯಾಲೆ ಕಟ್ಟಡ ಕೆಲಸದ ಕೂಲಿಗಳು, ಹೋಟೆಲ್ ಕೆಲಸದ ಹುಡುಗರು ಸೀಸನ್ ಲೆಕ್ಕದಾಗ ಬಂದು ಹೋಗೋದು ಶುರುವಾಗೇತಿ, ಇದು ಗುಳೆಗೆ ಹತ್ರ.

ಒಳಗೂ ವಲಸೆ ಐತಿ. ಕಾರ್ ನಿಕೋಬಾರ್, ಲಿಟಲ್ ಅಂಡಮಾನ್, ದಿಗ್ಲಿಪುರ ಕಡೆಯಿಂದ ಕಾಲೇಜು, ದವಾಖಾನಿ, ನೌಕರಿ ಅಂತ ಎಲ್ಲಾ ಪೋರ್ಟ್ ಬ್ಲೇರಿಗೆ ಬರ್ತಾರ. ಅಷ್ಟು ಮಳಿ ಬೀಳೋ ಊರಾಗ ಬ್ಯಾಸಗಿಗೆ ನಳದ ನೀರು ದಿನ ಬಿಟ್ಟು ದಿನ ಬರೋ ಪರಿಸ್ಥಿತಿ ಆಗ್ತದ, ರಾಯಚೂರಿನೋರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಗ್ರೇಟ್ ನಿಕೋಬಾರ್ ಪ್ರಾಜೆಕ್ಟ್ ಬಂದ್ರ ಏನಾಗ್ತದ?

ಗಲಾಥಿಯಾ ಬೇದಾಗ ದೊಡ್ಡ ಬಂದರು, ಏರ್‌ಪೋರ್ಟ್, ವಿದ್ಯುತ್ ಸ್ಥಾವರ, ಟೌನ್‌ಶಿಪ್ ಕಟ್ಟೋ ಯೋಜನೆ ಇದು, 2022ರಾಗ ಪರಿಸರ ಅನುಮತಿ ಸಿಕ್ತು, ಆಗ ಹೇಳಿದ ಖರ್ಚು 72,000 ಕೋಟಿ. ಸುಮಾರು 130 ಚದರ ಕಿ.ಮೀ. ಕಾಡು ಹೋಗ್ತದ. ಜನಸಂಖ್ಯೆ ಕಡೆಯಿಂದ ನೋಡಿದ್ರ ಎದಿ ಧಸಕ್ ಅಂತದ, ಯಾಕಂದ್ರ ಈಗ ಸುಮಾರು 8 ಸಾವಿರ ಮಂದಿ ಇರೋ ದ್ವೀಪಕ್ಕ ಮೂವತ್ತು ವರ್ಷದಾಗ ಮೂರೂವರೆ ಲಕ್ಷ ಮಂದಿ ಬರ್ತಾರ ಅನ್ನೋದು ಯೋಜನೆದೇ ಲೆಕ್ಕ. ಅಂದ್ರ 2011ರಾಗ ಇಡೀ ಎಲ್ಲಾ ದ್ವೀಪ ಸೇರಿ ಇದ್ದಷ್ಟು ಮಂದಿ ಒಂದ ದ್ವೀಪದಾಗ. ಅಲ್ಲಿ ಕಾಡಿನಾಗ ಇರೋ ಶೊಂಪೆನ್ 2011ರಾಗ 229.

ಗಡಿ ಭದ್ರತೆ, ಹಡಗು ವ್ಯಾಪಾರ ಅಂತ ಸರ್ಕಾರ ಕೊಡೋ ಕಾರಣ ಸುಳ್ಳಲ್ಲ. ಆದ್ರ ಸುನಾಮಿದಾಗ ಊರು ಕಳ್ಕೊಂಡು ಶಿಬಿರಕ್ಕ ಬಂದ ಅಲ್ಲಿನ ನಿಕೋಬಾರೀಸ್ ಮಂದಿ ನಮ್ಮ ಹಳೇ ಊರಿಗೆ ನಾವು ಹೋಗ್ತೀವಿ ಅಂತ ಅಂದಿಂದ ಕೇಳ್ತಾ ಬಂದಾರ. ಅಲ್ಲಿನ ಬುಡಕಟ್ಟು ಮಂಡಳಿ ಮೊದಲು ಒಪ್ಪಿಗೆ ಪತ್ರ ಕೊಟ್ಟು ಆಮ್ಯಾಲೆ 2022ರಾಗ ಅದನ್ನ ವಾಪಸ್ ತಗೊಂತು. 1858ರಾಗ ಗ್ರೇಟ್ ಅಂಡಮಾನೀಸ್ ಮಂದಿನ್ನ ಯಾರೂ ಕೇಳಲಿಲ್ಲ, ಆಗ ಕೇಳೋ ಕಾನೂನು ಇರಲಿಲ್ಲ. ಈಗ ಕಾನೂನು ಐತಿ, ಅರಣ್ಯ ಹಕ್ಕು ಕಾಯ್ದೆ ಐತಿ. ಹಂಗಾಗಿ ಅವರು ಬ್ಯಾಡ ಅಂದ್ರ ಬ್ಯಾಡ ಅಂತ ತಿಳ್ಕೋಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಪರೀಕ್ಷೆದಾಗ ಯಾವ ಅಂಕಿ ಬರೀಬೇಕು?

2011ರದ್ದ ಬರೀರಿ. 2021ರ ಗಣತಿ ನಡೀಲಿಲ್ಲ, ಮುಂದಿನದು 2027ಕ್ಕ. ಅಲ್ಲಿ ತನಕ ಇಂಟರ್ನೆಟ್‌ದಾಗ ಸಿಗೋ ‘2024ರ ಜನಸಂಖ್ಯೆ’, ‘2025ರ ಜನಸಂಖ್ಯೆ’ ಎಲ್ಲಾ ಅಂದಾಜು, ಗಣತಿ ಅಲ್ಲ. ಮೂರು ಜಿಲ್ಲೆ ಕೇಳಿದ್ರ ದಕ್ಷಿಣ ಅಂಡಮಾನ್ 2,38,142, ಉತ್ತರ ಮತ್ತು ಮಧ್ಯ ಅಂಡಮಾನ್ 1,05,597, ನಿಕೋಬಾರ್ 36,842. ಕೂಡಿಸಿ ನೋಡ್ರಿ, ಸರಿ ಬರ್ತದ.